ಅಂಗೈ ಮರೆಯ ನಾದ

ಗಿಟಾರ್ ನುಡಿಸುವಾಗ ಆತನ ಬಲಗೈಯ ಕಿರುಬೆರಳೂ ಅದರ ಪಕ್ಕದ ಬೆರಳೂ ಬಾಗಿ ಒಂದು ಸಣ್ಣ ಮಾಡು ಕಟ್ಟುತ್ತಿದ್ದವು. ಆ ಮಾಡಿನ ಕೆಳಗೆ ಏನಿದೆಯೆಂಬುದನ್ನು ಯಾರೂ ನೋಡಕೂಡದು. ಅಲ್ಲಿದ್ದುದು ನಿಧಿಯಲ್ಲ, ಒಂದು ಸ್ವಿಚ್ಚು. ಅದರ ಬಿಳಿಯ ತುದಿಗೆ ಕಪ್ಪು ಬಣ್ಣ ಬಳಿದು, ಕಪ್ಪು ಹಲಗೆಯ ಮೇಲೆ ಅದು ಕಣ್ಣಿಗೆ ಬೀಳದಂತೆ ಮಾಡಿದವನೂ ಆತನೇ.

ಊರಿನ ದೊಡ್ಡ ಹೋಟೆಲಿನ ಭೋಜನಶಾಲೆಯಲ್ಲಿ ಸಂಜೆಯ ಹೊತ್ತು ನುಡಿಸುವ ತಂಡವೊಂದಿತ್ತು. ಹಾಡುವಾಕೆ ಒಬ್ಬಳು, ಡ್ರಮ್ಮಿನವನೊಬ್ಬ, ಗಿಟಾರಿನವರು ಇಬ್ಬರು. ಗಿಟಾರಿನವರಲ್ಲಿ ಹಿರಿಯನೇ ಈತ. ಕಿರಿಯನು ಈತನ ಹೆಂಡತಿಯ ತಮ್ಮ, ನಲವತ್ತು ಸಮೀಪಿಸಿದ ಮಿತಭಾಷಿ. ಹಿರಿಯನಿಗೆ ಡ್ರಮ್ಮಿನವನು ಇಟ್ಟ ಹೆಸರು ಗುಮಾನಿ. ಇಟ್ಟವನು ತಮಾಷೆಗೆ ಇಟ್ಟ. ಹೆಸರು ಮಾತ್ರ ಚರ್ಮಕ್ಕೆ ಅಂಟಿದ ಮಚ್ಚೆಯಂತೆ ನಿಂತಿತು.

"ಗುಮಾನಿ ಸಾಹೇಬ್ರೇ, ಅಂಗೈ ಕೆಳಗೇನು, ಮೊಟ್ಟೆ ಕಾವಿಗಿಟ್ಟಿದ್ದೀರಾ?" ಎಂದು ಡ್ರಮ್ಮಿನವನು ಕೇಳುತ್ತಿದ್ದ.

"ಮರಿ ಆದಾಗ ಹೇಳ್ತೀನಿ. ನೀನು ನಿನ್ನ ತಾಳ ನೋಡ್ಕೋ."

ಮೊಟ್ಟೆಯ ವಿಷಯವನ್ನು ಓದುಗರಿಗೆ ಬಿಡಿಸಿ ಹೇಳಬೇಕು. ವಿದ್ಯುತ್ ಗಿಟಾರಿನ ತಂತಿಗಳ ಅಡಿಯಲ್ಲಿ ಪಿಕಪ್ ಎಂಬ ಸಣ್ಣ ಪಟ್ಟಿಗಳಿರುತ್ತವೆ. ಅಯಸ್ಕಾಂತದ ಸುತ್ತ ಕೂದಲೆಳೆಯಂಥ ತಾಮ್ರವನ್ನು ಸುತ್ತಿ ಮಾಡಿದವು. ತಂತಿಯ ನಡುಕವನ್ನು ಹಿಡಿದು ಸದ್ದಿನ ಪೆಟ್ಟಿಗೆಗೆ ಒಪ್ಪಿಸುವುದು ಅವುಗಳ ಕಾಯಕ. ಆತನ ಗಿಟಾರಿನಲ್ಲಿ ಅಂಥವು ಮೂರು. ಕುತ್ತಿಗೆಯ ಕಡೆಯದು ಹೊಟ್ಟೆ ತುಂಬಿದವನ ಮಾತಿನಂತೆ ದುಂಡಗೆ ನುಡಿಯುತ್ತಿತ್ತು. ತಂತಿಗಳು ಬಂದು ಬಿಗಿದುಕೊಳ್ಳುವ ಬ್ರಿಜ್ಜಿನ ಕಡೆಯದು ಜಗಳಕ್ಕೆ ನಿಂತ ನೆರೆಯವಳಂತೆ ಚುರುಕು. ನಡುವಿನದು ಇಬ್ಬರ ಮಾತಿಗೂ ತಲೆದೂಗುವ ಮಧ್ಯಸ್ಥ. ಸ್ವಿಚ್ಚನ್ನು ಎರಡು ತುದಿಗಳಲ್ಲೋ ನಟ್ಟನಡುವೆಯೋ ನಿಲ್ಲಿಸಿದರೆ ಒಂದೊಂದೇ ಪಿಕಪ್ ನುಡಿಯುತ್ತದೆ. ಅವುಗಳ ಸಂದಿನಲ್ಲಿ ನಿಲ್ಲಿಸಿದರೆ ಅಕ್ಕಪಕ್ಕದ ಎರಡು ಕೂಡಿ ನುಡಿಯುತ್ತವೆ. ಎರಡು ಕೂಡಿದರೆ ಸದ್ದು ಇಮ್ಮಡಿಯಾಗಬೇಕೆಂದು ಲೋಕ ಎಣಿಸುತ್ತದೆ. ಇಲ್ಲಿ ಹಾಗಲ್ಲ. ಒಂದರ ಕೊಬ್ಬನ್ನು ಇನ್ನೊಂದು ಕರಗಿಸುತ್ತದೆ. ಬ್ರಿಜ್ಜಿನದೂ ನಡುವಿನದೂ ಕೂಡಿದಾಗ, ನೀರು ತುಂಬುತ್ತಿರುವ ಕೊಡವನ್ನು ಬೆರಳಿನಿಂದ ಮಿಡಿದರೆ ಬರುವಂಥ, ಒಳಗೆ ಟೊಳ್ಳಾಗಿ ಹೊರಗೆ ಹೊಳೆಯುವ ನಾದವೊಂದು ಹುಟ್ಟುತ್ತಿತ್ತು. ಅದು ತನ್ನ ಸ್ವಂತದ್ದೆಂದು ಗುಮಾನಿ ತಿಳಿದಿದ್ದ. ಹುಡುಕಲು ಹೊರಟವನಿಗೆ ಅದು ಊಟ ಮುಗಿಯುವುದರೊಳಗೆ ಸಿಕ್ಕೀತು. ಸ್ವಿಚ್ಚಿಗಿರುವುದು ಐದೇ ನಿಲುಗಡೆ. ಈ ಮಾತನ್ನು ಆತನೆದುರು ಆಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಆತನ ಶಂಕೆಗೆ ಬೇರಿಲ್ಲದೆ ಇರಲಿಲ್ಲ. ಯೌವನದಲ್ಲಿ ಒಂದೇ ಕೋಣೆಯಲ್ಲಿದ್ದ ಗೆಳೆಯನಿಗೆ ತಾನು ಕಂಡುಕೊಂಡ ನುಡಿಸಾಣಿಕೆಯನ್ನೆಲ್ಲ ಬಿಚ್ಚಿ ಹೇಳಿದ್ದ; ಆ ಗೆಳೆಯ ಅದನ್ನೇ ನುಡಿಸಿ ರೇಡಿಯೋದ ವಾದ್ಯವೃಂದದಲ್ಲಿ ಈತನು ಆಸೆಪಟ್ಟಿದ್ದ ಕುರ್ಚಿಯ ಮೇಲೆ ಕುಳಿತುಬಿಟ್ಟ. ಅಂದಿನಿಂದ ಗುಮಾನಿ ಬೀಗದ ಮೇಲೆ ಬೀಗ ಜಡಿಯುವವನಾದ. ಗಿಟಾರಿನ ಪೆಟ್ಟಿಗೆಯ ಸುತ್ತ ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದು, ಬೆಳಿಗ್ಗೆ ಎದ್ದು ಪೆಟ್ಟಿಗೆ ಗೆರೆಯೊಳಗೇ ಇದೆಯೇ ಎಂದು ನೋಡುತ್ತಿದ್ದ. ಹೆಂಡತಿ ಕಸ ಗುಡಿಸುವಾಗ ಗೆರೆ ಅಳಿಸಿಹೋದರೆ ಅದೂ ಒಂದು ಸುಳಿವಾಗುತ್ತಿತ್ತು. ಆಕೆ ಮನೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡು ಪರದೆ, ದಿಂಬಿನ ಚೀಲ, ಅಂಗಿಗಳನ್ನು ಹೊಲಿಯುವವಳು. ಬಾಯಿಯಲ್ಲಿ ಸದಾ ಒಂದೆರಡು ಗುಂಡುಸೂಜಿ ಕಚ್ಚಿಕೊಂಡಿರುತ್ತಿದ್ದುದರಿಂದ ಗಂಡನ ಮಾತಿಗೆಲ್ಲ ಉತ್ತರ ಕೊಡಬೇಕಾದ ಕಷ್ಟ ತಪ್ಪುತ್ತಿತ್ತು.

ಹೀಗಿರಲು ಹೋಟೆಲಿಗೆ ಹೊಸ ಮ್ಯಾನೇಜರ್ ಬಂದ. ವೇದಿಕೆಯ ಅರ್ಧಕ್ಕೆ ಇನ್ನೂ ಕೆಲವು ಊಟದ ಮೇಜುಗಳನ್ನು ಹಾಕಿಸಬೇಕೆಂಬುದು ಅವನ ಸಂಕಲ್ಪ. ತಂಡದವರನ್ನು ಕರೆದು ಹೇಳಿದ: "ಇಬ್ಬರು ಗಿಟಾರಿನವರಿಗೆ ಇನ್ನು ಜಾಗ ಇಲ್ಲ. ಯಾರು ಇರಬೇಕು ಅಂತ ನಾನು ಮುಖ ನೋಡಿ ಹೇಳಲ್ಲ. ಶನಿವಾರ ಹಿಂದಿನ ಮೇಜಿನಲ್ಲಿ ಕಣ್ಣು ಮುಚ್ಚಿ ಕೂತಿರ್ತೀನಿ. ಯಾವ ಗಿಟಾರ್ ಕಿವಿಗೆ ಹಿಡಿಸುತ್ತೋ ಅದು ಉಳಿಯುತ್ತೆ."

ಗುಮಾನಿ ಭಾಮೈದನ ಮುಖ ನೋಡಿದ. ಭಾಮೈದ ನೆಲ ನೋಡಿದ. ನೆಲ ನೋಡುವವನ ಮನಸ್ಸಿನಲ್ಲಿ ಏನಾದರೂ ಇರಲೇಬೇಕೆಂದು ಗುಮಾನಿ ನಿಶ್ಚಯಿಸಿದ. ಆ ಕುರ್ಚಿ ಹೋದರೆ ಆತನ ವಯಸ್ಸಿನವನನ್ನು ಬೇರೆ ಯಾವ ವೇದಿಕೆಯೂ ಕರೆಯದು. ನುಡಿಸುವುದನ್ನು ಬಿಟ್ಟರೆ ತಾನು ಏನೆಂಬುದು ಆತನಿಗೇ ತಿಳಿಯದು.

ಮರುದಿನ ಮಧ್ಯಾಹ್ನ, ಕೇಬಲ್ ಒಂದನ್ನು ಕೇಳುವ ನೆಪ ಹಿಡಿದು ಆತ ಭಾಮೈದನ ಮನೆಗೆ ಹೋದ. ಪುಸ್ತಕಗಳಿಗೆ ರಟ್ಟು ಕಟ್ಟುವ ಅಂಗಡಿಯ ಮೇಲಿನ ಒಂದು ಕೋಣೆ. ಮೆಟ್ಟಿಲಿನವರೆಗೂ ಅಂಟಿನ ವಾಸನೆ. ಅರ್ಧ ಮೆಟ್ಟಿಲು ಹತ್ತುವಷ್ಟರಲ್ಲಿ ಆತನ ಕಾಲು ನಿಂತಿತು. ಮೇಲಿನಿಂದ ಕೇಳಿಬರುತ್ತಿದ್ದುದು ಆತನದೇ ನಾದ. ಹಾಡುವಾಕೆಯ ಮೆಚ್ಚಿನ ಗೀತೆಯ ನಡುವೆ ಆತನೊಬ್ಬನೇ ನುಡಿಸುವ ಇಳಿಜಾರಿನ ಸ್ವರಗಳು, ಆತನದೇ ಟೊಳ್ಳು, ಆತನದೇ ಹೊಳಪು. ತನ್ನ ಅಂಗಿಯನ್ನು ಇನ್ನೊಬ್ಬ ತೊಟ್ಟು ಬೀದಿಯಲ್ಲಿ ಎದುರಾದರೆ ಹೇಗೋ ಹಾಗಾಯಿತು.

ಬೆಕ್ಕಿನ ಹೆಜ್ಜೆಯಿಟ್ಟು ಬಾಗಿಲವರೆಗೆ ಹೋದ. ಹೊಸ್ತಿಲ ಬಳಿ ಹೆಂಗಸರ ಚಪ್ಪಲಿ ಇತ್ತು. ಕಿತ್ತುಹೋದ ಪಟ್ಟಿಯನ್ನು ನೀಲಿ ದಾರದಿಂದ ಹೊಲಿದದ್ದು. ಆ ದಾರವನ್ನು ಪೋಣಿಸುವಾಗ ಸೂಜಿ ಹಿಡಿದು ಕೊಟ್ಟವನು ಗುಮಾನಿಯೇ.

ಒಳಗಿನಿಂದ ಹೆಂಡತಿಯ ದನಿ: "ಇನ್ನೊಂದು ಸಲ ನುಡಿಸು. ಕೊನೇಲಿ ಅವರು ಒಂಚೂರು ತಡೀತಾರೆ, ಆಮೇಲೆ ಬಿಡ್ತಾರೆ. ಹೂಂ, ಹಾಗೆ. ಈಗ ಥೇಟ್ ಅವರದೇ ಅನ್ನಿಸ್ತು."

ಬಾಗಿಲು ತಟ್ಟಲು ಎತ್ತಿದ ಕೈಯನ್ನು ಆತ ಇಳಿಸಿದ. ಕೂಗಾಡುವವನ ಶಂಕೆ ಆವಿಯಂತೆ ಹೊರಗೆ ಹೋಗುತ್ತದೆ. ಈತನದು ಒಳಗೇ ಹೆಪ್ಪುಗಟ್ಟುವ ಜಾತಿಯದು. ಸದ್ದಿಲ್ಲದೆ ಇಳಿದು ಮನೆಗೆ ಬಂದು, ಹೊಲಿಗೆ ಯಂತ್ರದ ಎದುರಿನ ಕುರ್ಚಿಯಲ್ಲಿ ಕಾಯುತ್ತ ಕುಳಿತ.

"ಎಲ್ಲಿಗೆ ಹೋಗಿದ್ದೆ?"

"ದಾರ ತರೋಕೆ."

"ಯಾವ ಬಣ್ಣದ್ದು?"

"ಬೂದಿ ಬಣ್ಣ."

"ಎಲ್ಲಿ, ತೋರಿಸು."

"ಸಿಗಲಿಲ್ಲ ರೀ. ಇನ್ನು ದಾರಕ್ಕೂ ಪಂಚನಾಮೆ ಶುರು ಮಾಡ್ತೀರಾ?" ಎಂದು ಆಕೆ ಗುಂಡುಸೂಜಿಯನ್ನು ಬಾಯಿಗಿಟ್ಟುಕೊಂಡಳು. ಮಾತು ಅಲ್ಲಿಗೆ ಮುಗಿಯಿತು.

ಗುಮಾನಿಗೆ ಆಗ ಎಲ್ಲವೂ ಗಾಜಿನಂತೆ ತಿಳಿಯಾಗಿ ಕಂಡಿತು. ಅಕ್ಕತಮ್ಮ ಒಂದಾಗಿದ್ದಾರೆ. ಸೀಮೆಸುಣ್ಣದ ಗೆರೆ ಅಳಿಸಿದ್ದು ಪೊರಕೆಯಲ್ಲ. ಆಕೆ ಪೆಟ್ಟಿಗೆ ತೆರೆದು, ಸ್ವಿಚ್ಚು ಎಲ್ಲಿ ನಿಂತಿದೆಯೆಂದು ನೋಡಿ, ತಮ್ಮನಿಗೆ ತಿಳಿಸಿದ್ದಾಳೆ. ಶನಿವಾರ ಕಣ್ಣು ಮುಚ್ಚಿ ಕುಳಿತ ಮ್ಯಾನೇಜರಿಗೆ ಭಾಮೈದನ ಚುರುಕು ಬೆರಳಿನಿಂದ ಅದೇ ನಾದ ಕೇಳಿಸಿದರೆ ಹಳಬನ ಕಥೆ ಮುಗಿದಂತೆ. ಕಳ್ಳನನ್ನು ಹಿಡಿಯಲಾಗದಿದ್ದರೂ, ಕದ್ದ ಕೀಲಿಕೈಯನ್ನು ಕೆಲಸಕ್ಕೆ ಬಾರದಂತೆ ಮಾಡಬಹುದಲ್ಲ. ಈ ಯೋಚನೆ ಹೊಳೆದಾಗ ಆತನಿಗೆ ಬಂದ ನಗು ಬಹಳ ದಿನಗಳಿಂದ ಮನೆಯಲ್ಲಿ ಯಾರೂ ಕಾಣದಂಥದು.

ರೇಡಿಯೋ, ಟೇಪು, ಗಿಟಾರು ಎಲ್ಲವನ್ನೂ ಒಂದೇ ಮೇಜಿನ ಮೇಲೆ ಬಿಚ್ಚಿ ಹಾಕುವ ರಿಪೇರಿಯವನ ಅಂಗಡಿಗೆ ಹೋಗಿ, ಬಾಗಿಲನ್ನು ತಾನೇ ಅರೆಮುಚ್ಚಿ, ಗಿಟಾರನ್ನು ಮುಂದಿಟ್ಟ.

"ಬ್ರಿಜ್ ಕಡೆಯ ಪಿಕಪ್ಪಿನ ತಂತೀನ ಸ್ವಿಚ್ಚಿನಲ್ಲಿ ಕುತ್ತಿಗೆ ಕಡೇದರ ಜಾಗಕ್ಕೆ ಹಾಕಿ. ಅದನ್ನ ತಂದು ಇಲ್ಲಿಗೆ ಹಾಕಿ."

ರಿಪೇರಿಯವನು ಕನ್ನಡಕವನ್ನು ಹಣೆಗೇರಿಸಿದ. "ಅಂದ್ರೆ ಸ್ವಿಚ್ಚು ಹಿಂದುಮುಂದಾಗುತ್ತೆ. ಈ ಕಡೆ ತಳ್ಳಿದ್ರೆ ಆ ಕಡೇದು ನುಡಿಯುತ್ತೆ."

"ಆಗಲಿ ಅಂತಲೇ ಬಂದಿದ್ದು."

"ಕಳ್ಳನಿಗೆ ಹೆದರಿ ಮುಂಬಾಗಿಲನ್ನ ಹಿತ್ತಿಲಿಗೆ ಕೂರಿಸ್ತಿದ್ದೀರಿ. ಕತ್ತಲಲ್ಲಿ ನೀವೇ ಗೋಡೆಗೆ ಹಣೆ ಚಚ್ಚಿಕೊಳ್ತೀರಿ, ನೋಡಿ."

"ನನ್ನ ಕೈ ನನ್ನ ಮಾತು ಕೇಳುತ್ತೆ. ಬೇರೆಯವರ ಕಣ್ಣು ಕೇಳಲ್ಲ. ನೀವು ಬೆಸುಗೆ ಹಾಕಿ. ಈ ವಿಷಯ ಹೊರಗೆ ಬಿದ್ರೆ ಹೇಳಿದ್ದು ನೀವೇ ಅಂತ ನನಗೆ ಗೊತ್ತಾಗುತ್ತೆ."

"ನೀವು ಹೇಳಿದ್ರೂ?"

"ನಾನು ಹೇಳಲ್ಲ."

ಕೆಲಸ ಮುಗಿಯುವವರೆಗೆ ಗುಮಾನಿ ಕಣ್ಣಲ್ಲಿ ಕಣ್ಣಿಟ್ಟು ಕಾದ. ರಿಪೇರಿಯವನು ಸೀನಿದರೂ ಎದ್ದು ಇಣುಕಿ ನೋಡಿದ. ಉಪಾಯ ಹೀಗಿತ್ತು: ಸ್ವಿಚ್ಚಿನ ತುದಿಯ ಕಪ್ಪು ಬಣ್ಣವನ್ನು ಕೆರೆದು ತೆಗೆದು, ಶನಿವಾರ ಮೊದಲ ಬಾರಿಗೆ ಅಂಗೈಯನ್ನು ತೆಗೆದಿಡುವುದು. ಸ್ವಿಚ್ಚು ಭಾಮೈದನಿಗೆ ಕಾಣಲಿ. ತಾನು ಕಲಿತದ್ದು ತಪ್ಪಿರಬೇಕೆಂದು ಭ್ರಮಿಸಿ ಅವನೂ ತನ್ನದನ್ನು ಅಲ್ಲಿಗೇ ತಳ್ಳಲಿ. ಆಗ ಅವನ ಗಿಟಾರು ಹಾಸಿಗೆಯೊಳಗೆ ಮುಖ ಹುದುಗಿಸಿ ಮಾತನಾಡಿದಂತೆ ಮೊದ್ದುಮೊದ್ದಾಗಿ ನುಡಿದೀತು, ಮ್ಯಾನೇಜರು ಕೇಳಿಸಿಕೊಂಡಾನು. ಎರಡು ದಿನ ಕೋಣೆಯ ಬಾಗಿಲು ಹಾಕಿಕೊಂಡು, ಹೊರಗೆ ಕೇಳಿಸದಂತೆ ಸದ್ದಿನ ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸಿ, ಕೈಗೆ ಹೊಸ ದಾರಿಯನ್ನು ಕಲಿಸಿದ. ಕಲಿತಂತೆಯೂ ಕಂಡಿತು.

ಶನಿವಾರ ಸಂಜೆ ಭೋಜನಶಾಲೆ ತುಂಬಿತ್ತು. ದೀಪಗಳನ್ನು ತಗ್ಗಿಸಿದ್ದರು. ಹಿಂದಿನ ಮೇಜಿನಲ್ಲಿ ಮ್ಯಾನೇಜರು ಕೈಕಟ್ಟಿ ಕಣ್ಣು ಮುಚ್ಚಿದ್ದ. ಮೊದಲ ಕೆಲವು ಗೀತೆಗಳು ನಿರ್ವಿಘ್ನವಾಗಿ ನಡೆದವು. ಗುಮಾನಿ ಅಂಗೈಯನ್ನು ಪಕ್ಕಕ್ಕೆ ಸರಿಸಿ, ಸ್ವಿಚ್ಚನ್ನು ಅಂಗಡಿಯ ಗಾಜಿನಲ್ಲಿಟ್ಟ ಸರಕಿನಂತೆ ತೋರಿಸುತ್ತ ಕುಳಿತ. ಭಾಮೈದ ಅದರ ಕಡೆ ತಿರುಗಲೂ ಇಲ್ಲ. ಅವನ ಕಣ್ಣು ಭಾವನ ಎಡಗೈಯ ಮೇಲೆಯೇ ನೆಟ್ಟಿತ್ತು. ತಂತಿಗಳನ್ನು ಒತ್ತುವ ಬೆರಳುಗಳ ಮೇಲೆ. ಇದು ಗುಮಾನಿಯ ಲೆಕ್ಕಾಚಾರದಲ್ಲಿ ಇರಲಿಲ್ಲ. ಎಡಗೈಯಲ್ಲಿ ಕದಿಯಲು ಏನಿದೆ ಎಂದು ಆತ ಕಳವಳಗೊಂಡ.

ಕಳವಳದಲ್ಲೇ ಹಾಡುವಾಕೆಯ ಮೆಚ್ಚಿನ ಗೀತೆ ಬಂತು. ಆಕೆ ಹಾಡುವಷ್ಟು ಹೊತ್ತು ಕುತ್ತಿಗೆಯ ಪಿಕಪ್ಪಿನ ದುಂಡು ಸದ್ದಿನಲ್ಲಿ ಅವಳ ಹಿಂದೆ ನಡೆದು, ಆಕೆ ನಿಲ್ಲಿಸಿದೊಡನೆ ತನ್ನ ನಾದಕ್ಕೆ ನೆಗೆಯುವುದು ಆತನ ಕ್ರಮ. ಆಕೆ ನಿಲ್ಲಿಸಿದಳು. ಕೈ ನೆಗೆಯಿತು, ಆದರೆ ಎರಡು ದಿನ ಕಲಿತ ದಾರಿಗಲ್ಲ, ಎಷ್ಟೋ ವರ್ಷ ನಡೆದ ದಾರಿಗೆ. ಸ್ವಿಚ್ಚು ಆಗಲೇ ಆ ತುದಿಯಲ್ಲಿ ಇತ್ತು. ಮುಂದೆ ಹೋಗಲು ಎಡೆಯಿಲ್ಲದೆ ಬೆರಳು ಹಲಗೆಗೆ ಒತ್ತಿಕೊಂಡಿತು. ಗಾಬರಿಯಿಂದ ಹಿಂದಕ್ಕೆ ತಳ್ಳಿದ. ಅದು ಬೇಕಾದ ನಿಲುಗಡೆಯನ್ನು ದಾಟಿ ಇನ್ನೊಂದು ತುದಿಗೆ ಜಾರಿತು. ಬ್ರಿಜ್ಜಿನ ಪಿಕಪ್ ಒಂದೇ ಬಾಯಿ ತೆರೆಯಿತು. ತಗ್ಗಿಸಿದ ದೀಪಗಳ ವಿದ್ಯುತ್ತನ್ನೆಲ್ಲ ಹೀರಿಕೊಂಡು ಸದ್ದಿನ ಪೆಟ್ಟಿಗೆಯೊಳಗೆ ದುಂಬಿ ಹೊಕ್ಕಂತೆ ಗುಂಯ್‌ಗುಟ್ಟಿತು. ಗುಮಾನಿಯ ಕೈಗೆ ತಕ್ಷಣ ಸಿಕ್ಕಿದ್ದು ಸದ್ದನ್ನು ಏರಿಸಿ ಇಳಿಸುವ ಗುಬುಟು. ಅದನ್ನು ಪೂರ್ತಿ ಮುಚ್ಚಿಬಿಟ್ಟ.

ಆತನ ಗಿಟಾರು ಸತ್ತಿತು. ಗೀತೆ ಸಾಯಲಿಲ್ಲ.

ಇಳಿಜಾರಿನ ಸ್ವರಗಳು ಒಂದೂ ಉದುರದೆ, ಅದೇ ನಾದದಲ್ಲಿ, ಭೋಜನಶಾಲೆಯ ತುಂಬ ಹರಿದವು. ಕೊನೆಯಲ್ಲಿ ಒಂದಿಷ್ಟು ತಡೆದು ಬಿಡುವ ಆ ಬಿಗುವೂ ಇತ್ತು. ಗುಮಾನಿಯ ಬೆರಳುಗಳು ಸತ್ತ ತಂತಿಗಳ ಮೇಲೆ ಸುಮ್ಮನೆ ಓಡಾಡಿದವು. ಸದ್ದಿಲ್ಲದ ತಂತಿಯ ಮೇಲೆ ಓಡುವಾಗ ಆತನಿಗೆ ಕಂಡಿತು: ಉಂಗುರದ ಬೆರಳು ಸ್ವರಕ್ಕಿಂತ ಹಿಂದೆ ಬೀಳುತ್ತಿತ್ತು, ಕಿರುಬೆರಳು ಇಳಿಯಬೇಕಾದಲ್ಲಿ ಇಳಿಯುತ್ತಲೇ ಇರಲಿಲ್ಲ. ಇಷ್ಟು ದಿನ ತನ್ನದೆಂದು ಕೇಳಿಸಿಕೊಂಡದ್ದು ಯಾರದು?

ಮ್ಯಾನೇಜರು ಕಣ್ಣು ತೆರೆದು ತಲೆದೂಗುತ್ತಿದ್ದ.

ವಿರಾಮದಲ್ಲಿ, ಅಡುಗೆಮನೆಯ ಹಿಂದಿನ, ಖಾಲಿ ಬಾಟಲಿಗಳ ಪೆಟ್ಟಿಗೆಗಳನ್ನು ಒಟ್ಟಿದ ಓಣಿಯಲ್ಲಿ ಆತ ಭಾಮೈದನನ್ನು ತಡೆದು ನಿಲ್ಲಿಸಿದ.

"ಯಾವಾಗಿನಿಂದ?"

"ಏನು ಭಾವ?"

"ನಾಟಕ ಬೇಡ. ನನ್ನ ಭಾಗ ನೀನು ನುಡಿಸ್ತಿರೋದು ಯಾವಾಗಿನಿಂದ?"

ಭಾಮೈದ ಹಿಂದುಮುಂದು ನೋಡಿದ. "ಚಳಿ ಶುರುವಾದಾಗಿನಿಂದ. ಎಲ್ಲಾ ಅಲ್ಲ. ಸ್ವರಗಳ ಓಟ ಇರೋ ಕಡೆ ಮಾತ್ರ, ನಿಮ್ಮ ಜೊತೆಜೊತೆಗೇ."

"ಸ್ವಿಚ್ಚು ಎಲ್ಲಿ ನಿಲ್ಲುತ್ತೆ ಅಂತ ನಿನ್ನ ಅಕ್ಕ ಹೇಳಿದಳಾ?"

"ಅಕ್ಕನಿಗೆ ಸ್ವಿಚ್ಚು ಯಾವುದು, ಸ್ಕ್ರೂ ಯಾವುದು ಅಂತ ಗೊತ್ತಾ ಭಾವ? ಇಲ್ಲಿನ ದೀಪದ ಕೆಳಗೆ ಒಂದೇ ಪಿಕಪ್ ಇದ್ರೆ ಗುಂಯ್ ಅನ್ನುತ್ತೆ. ಎರಡು ಕೂಡಿದ ಕೂಡಲೇ ಅದು ನಿಂತುಹೋಗುತ್ತೆ. ನಿಮ್ಮ ಅಂಗೈ ಸ್ವಿಚ್ಚನ್ನ ಮುಚ್ಚುತ್ತೆ. ಗುಂಯ್ ಅನ್ನೋದು ನಿಂತದ್ದನ್ನ ಯಾವ ಅಂಗೈ ಮುಚ್ಚುತ್ತೆ?"

ಪೆಟ್ಟಿಗೆಯ ಮೇಲೆ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದ ಡ್ರಮ್ಮಿನವನು ದನಿಗೂಡಿಸಿದ: "ನಾನು ಕೋಲು ಎತ್ತೋದೇ ಆ ಗುಂಯ್ ನಿಂತಾಗ. ಹಾಡೋ ಅಮ್ಮ ಉಸಿರು ಬಿಡೋದೂ ಆಗಲೇ. ನಿಮ್ಮ ಮೊಟ್ಟೆ ಮರಿಯಾಗಿ ಊರೆಲ್ಲ ಓಡಾಡ್ತಿದೆ ಸಾಹೇಬ್ರೇ."

ಪರಮಾತ್ಮನು ಕಣ್ಣಿಗೆ ರೆಪ್ಪೆಯನ್ನು ಕೊಟ್ಟ, ಬಾಯಿಗೆ ತುಟಿಯನ್ನು ಕೊಟ್ಟ. ಕಿವಿಗೆ ಮಾತ್ರ ಯಾವ ಮುಚ್ಚಳವನ್ನೂ ಕೊಡಲಿಲ್ಲ. ನಾದವನ್ನೇ ನಂಬಿ ಬಾಳಿದವನೊಬ್ಬ ಇಷ್ಟು ಸರಳವಾದ ಸಂಗತಿಯನ್ನು ಮರೆತು, ಕಣ್ಣುಗಳಿಗೆ ಹೆದರಿ ಆಯುಷ್ಯದ ಬಹುಭಾಗವನ್ನು ಕಳೆದಿದ್ದ.

"ಬೆರಳಿನ ವಿಷಯ ನಿನಗೆ ಹೇಗೆ ಗೊತ್ತಾಯ್ತು?" ಎಂದು ಗುಮಾನಿ ಕೇಳಿದ. ದನಿಯಲ್ಲಿದ್ದ ಮೊನೆ ಮುರಿದಿತ್ತು.

"ಅಕ್ಕನೇ ಹೇಳಿದ್ದು. 'ಅವರಿಗೆ ಹೇಳಿದ್ರೆ ಡಾಕ್ಟರ ಮೇಲೂ ಅನುಮಾನ ಪಡ್ತಾರೆ. ನೀನು ಪಕ್ಕದಲ್ಲಿ ನುಡಿಸು. ಕೇಳೋರಿಗೆ ಗೊತ್ತಾಗದಿದ್ರೆ ಸಾಕು, ಅವರಿಗಂತೂ ಗೊತ್ತಾಗಲೇಬಾರದು' ಅಂದಳು. ನುಡಿಸಿದ್ದೆಲ್ಲ ಕೇಳಿ ತಿದ್ದಿದ್ದೂ ಅವಳೇ. ನೀವು ಎಲ್ಲಿ ಎಷ್ಟು ತಡೀತೀರಿ ಅನ್ನೋದು ಅವಳಿಗೆ ಬಾಯಿಪಾಠ."

ಅಷ್ಟರಲ್ಲಿ ಮ್ಯಾನೇಜರು ಬಂದ. ಗುಮಾನಿಯ ಬೆನ್ನು ತಟ್ಟಿ, "ಹಾಡು ನಿಂತ ಮೇಲೆ ಬಂತಲ್ಲ, ಆ ಸದ್ದು, ಅದೇ ನಮಗೆ ಬೇಕಾಗಿರೋದು. ಅದು ನೀವೇ ತಾನೇ?" ಎಂದ.

"ಹೌದು ಸಾರ್, ಭಾವನೇ," ಎಂದು ಭಾಮೈದ ಥಟ್ಟನೆ ಹೇಳಿದ.

ಗುಮಾನಿಯ ಮನಸ್ಸಿಗೆ ಮೊದಲು ಬಂದದ್ದು ಹಳೆಯ ಪ್ರಶ್ನೆಯೇ: ಇವನು ಯಾಕೆ ಹೀಗೆ ಹೇಳುತ್ತಿದ್ದಾನೆ, ಇದರಲ್ಲಿ ಇವನಿಗೇನು ಲಾಭ? ಉತ್ತರಕ್ಕಾಗಿ ಅವನ ಮುಖವನ್ನು ತಡಕಿದ. ಲಾಭವೊಂದೂ ಸಿಗಲಿಲ್ಲ. ಹೂಂ ಎಂದಿದ್ದರೆ ಸಾಕಾಗಿತ್ತು, ಕುರ್ಚಿ ಉಳಿಯುತ್ತಿತ್ತು. ಆದರೆ ನನ್ನ ನಾದ ಕದ್ದರು, ನನ್ನ ನಾದ ಕದ್ದರು ಎಂದು ಬಾಳೆಲ್ಲ ಹಲುಬಿದವನಿಗೆ, ಇನ್ನೊಬ್ಬನ ಬೆರಳಿನಿಂದ ಹೊರಟದ್ದನ್ನು ತನ್ನ ಜೇಬಿಗೆ ಹಾಕಿಕೊಳ್ಳುವ ವಿದ್ಯೆ ಸಿದ್ಧಿಸಿರಲಿಲ್ಲ.

"ಇಲ್ಲ ಸ್ವಾಮಿ," ಎಂದ. "ನನ್ನ ಗಿಟಾರ್ ಮುಚ್ಚಿತ್ತು. ನುಡಿಸಿದ್ದು ಇವನು."

"ಭಾವ, ಸುಮ್ಮನಿರಿ."

"ನೀನು ಸುಮ್ಮನಿರು. ಸುಳ್ಳು ಹೇಳೋಕೂ ಬರಲ್ಲ ನಿನಗೆ, ಕಿವಿ ಕೆಂಪಾಗಿದೆ ನೋಡು."

ಮ್ಯಾನೇಜರು ಇಬ್ಬರ ಮುಖವನ್ನೂ ನೋಡಿ, ಯಾರಾದರೇನು ಎಂಬಂತೆ ಹೆಗಲು ಕುಣಿಸಿ, ಭಾಮೈದನ ಕೈ ಕುಲುಕಿ ಹೋದ. ಉಳಿದ ಗೀತೆಗಳನ್ನು ಗುಮಾನಿ ಓಟವಿಲ್ಲದ ಕಡೆ ಮಾತ್ರ ನುಡಿಸಿದ. ಓಟ ಬಂದಾಗ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ. ಅಂಗೈ ತೆರೆದೇ ಇತ್ತು.

ಮನೆಯಲ್ಲಿ ಹೆಂಡತಿ ಕಾದಿದ್ದಳು. ಆತ ಅಂಗಿಯ ಗುಂಡಿ ಬಿಚ್ಚುತ್ತ ನಿಂತ. ಗುಂಡಿ ಸಲೀಸಾಗಿ ಬಿಚ್ಚಿಕೊಂಡಿತು. ಹಾಗೆ ಬಿಚ್ಚಿಕೊಳ್ಳುವುದೂ ಸಂಶಯಾಸ್ಪದವೆಂದು ಈಗ ಹೊಳೆಯಿತು.

"ಇದರ ಕಾಜಾ ಅಗಲ ಮಾಡಿದ್ದೀಯಾ?"

"ಎಲ್ಲಾ ಅಂಗೀದೂ ಮಾಡಿದ್ದೀನಿ," ಎಂದಳು ಆಕೆ. "ಬೆಳಿಗ್ಗೆ ಗುಂಡಿ ಜೊತೆ ಗುದ್ದಾಡ್ತಿದ್ರಿ. ಗುಂಡಿ ಬದಲಾಯಿಸಿದ್ದಾರೆ ಅಂತ ನನ್ನ ಮೇಲೇ ಹರಿಹಾಯ್ತಿದ್ರಿ. ಇನ್ನೇನು ಮಾಡಲಿ?"

"ಹೇಳಬಹುದಿತ್ತು."

"ಹೇಳಿದ್ರೆ ನಂಬ್ತಿದ್ರಾ?"

ಆತ ಊಟಕ್ಕೆ ಕುಳಿತು, ಆಕೆ ಬಡಿಸಿದ್ದನ್ನು ಏನೆಂದು ಕೇಳದೆ ಉಂಡ.

ಮರುದಿನ ಬೆಳಿಗ್ಗೆ ಆತನೇ ಹೇಳಿಕಳುಹಿಸಿದ್ದರಿಂದ ಭಾಮೈದ ಗಿಟಾರು ಹಿಡಿದು ಬಂದ. ಬೈಗುಳ ಕಾದಿದೆಯೆಂದು ಹೊಸ್ತಿಲಲ್ಲೇ ನಿಂತ. ಗುಮಾನಿ ಗಿಟಾರನ್ನು ಇಸಿದುಕೊಂಡು, ಕಿಟಕಿಯ ಬೆಳಕಿನಲ್ಲಿ ಹೊಲಿಗೆಯ ಮೇಜಿನ ಮೇಲೆ ಮಲಗಿಸಿ, ತಂತಿಯ ಕೆಳಗೆ ಕಣ್ಣು ತೂರಿಸಿ ನೋಡಿದ.

"ಥೇಟ್ ನನ್ನದೇ ಅಂತ ನಿನ್ನ ಅಕ್ಕ ಅಂದಳಂತೆ. ಅವಳಿಗೆ ನಿನ್ನ ಮೇಲೆ ಮಮತೆ. ಥೇಟ್ ಅಲ್ಲ."

"ಏನು ವ್ಯತ್ಯಾಸ ಭಾವ?"

"ನಿನ್ನ ನಡುವಿನ ಪಿಕಪ್ಪು ತಂತಿಗೆ ಮೂಗು ತಾಗಿಸಿಕೊಂಡು ಕೂತಿದೆ. ಇದು ಅಷ್ಟು ಜೋರಾಗಿ ಮಾತಾಡಿದ್ರೆ ಬ್ರಿಜ್ ಕಡೇದರ ದನಿ ಕೇಳಿಸುತ್ತಾ? ಕೂಡಿಸೋದು ಸ್ವಿಚ್ಚಿನ ಕೆಲಸ. ಕೂಡಿದ ಮೇಲೆ ಒಂದನ್ನೊಂದು ತುಳೀದ ಹಾಗೆ ನೋಡಿಕೊಳ್ಳೋದು ಈ ಎರಡು ಸ್ಕ್ರೂಗಳದ್ದು. ಇದನ್ನ ನಾನು ಆ ರೇಡಿಯೋದವನಿಗೂ ಹೇಳಿರಲಿಲ್ಲ."

ಸ್ಕ್ರೂ ತಿರುಗಿಸಲು ಹೋದ ಬೆರಳು ಜಾರಿತು. ಇನ್ನೊಮ್ಮೆಯೂ ಜಾರಿತು. ಆತ ಸ್ಕ್ರೂಡ್ರೈವರನ್ನು ಭಾಮೈದನ ಕೈಗೆ ಕೊಟ್ಟು, ತನ್ನ ಕೈಯನ್ನು ಅವನ ಮಣಿಕಟ್ಟಿನ ಮೇಲಿಟ್ಟು, ಎಷ್ಟು ತಿರುಗಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಒತ್ತಿ ಒತ್ತಿ ತೋರಿಸತೊಡಗಿದ. ಅರ್ಧದಲ್ಲಿ ಏನೋ ನೆನಪಾಗಿ ಕೈ ತಡೆದ.

"ತಾಳು. ಮೊದಲು ಹೋಗಿ ಆ ಬಾಗಿಲು ಹಾಕಿ ಬಾ."